ಸಾರಿಗೆ ಕೆಲಸ ಕಲಿಯಲು ಯಾವ ನೆರವು? ಮೊತ್ತಕ್ಕಿಂತ ಮೊದಲು ನೋಡಬೇಕಾದ್ದು

ಬಸ್ಸು, ಲಾರಿ, ರೈಲು, ಹಡಗು, ವಿಮಾನ, ಗೋದಾಮು. ಇವುಗಳಲ್ಲಿ ಯಾವ ಕೆಲಸಕ್ಕೆ ಹೋಗಬೇಕೆಂದರೂ ಕಲಿಯುವ ಕಾಲಕ್ಕೆ ಒಂದಿಷ್ಟು ನೆರವು ಸಿಗುತ್ತದೆ. ಅದು ನಾಲ್ಕು ಹೆಸರಲ್ಲಿ ಬರುತ್ತದೆ: ವಿದ್ಯಾರ್ಥಿವೇತನ, ಸ್ಟೈಪೆಂಡ್ (ತರಬೇತಿ ಕಾಲದ ತಿಂಗಳ ಭತ್ಯೆ), ಉಚಿತ ತರಬೇತಿ, ಸಾಲ. ಅರ್ಜಿ ಹಾಕುವ ಹುಡುಗ ಹುಡುಗಿಯರು ಬಹಳ ಸಲ ಈ ನಾಲ್ಕನ್ನೂ ಒಂದೇ ಎಂದುಕೊಳ್ಳುತ್ತಾರೆ. ಯಾವುದರ ಎದುರು ದೊಡ್ಡ ಅಂಕಿ ಇದೆಯೋ ಅದಕ್ಕೆ ಮೊದಲು ಅರ್ಜಿ ಬೀಳುತ್ತದೆ. ಎರಡು ವರ್ಷ ಕಳೆದ ಮೇಲೆ ಕೈಯಲ್ಲಿ ಒಂದು ಪ್ರಮಾಣಪತ್ರ ಇರುತ್ತದೆ, ಅದನ್ನು ಕೇಳುವವರು ಇರುವುದಿಲ್ಲ.

ಅದಕ್ಕೇ ನಾನು ಯಾರೇ ಕೇಳಿದರೂ ಮೊತ್ತವನ್ನು ಪಕ್ಕಕ್ಕಿಟ್ಟು ಮೂರು ಪ್ರಶ್ನೆ ಹಾಕಲು ಹೇಳುತ್ತೇನೆ. ದುಡ್ಡು ಯಾವಾಗ ಬರುತ್ತದೆ: ಫೀ ಕಟ್ಟುವ ಮೊದಲೋ, ವರ್ಷ ಮುಗಿದ ಮೇಲೋ? ತರಬೇತಿ ಮುಗಿದಾಗ ಕೈಯಲ್ಲಿ ಉಳಿಯುವ ಕಾಗದ ಯಾವುದು, ಅದಕ್ಕೆ ಯಾರು ಬೆಲೆ ಕೊಡುತ್ತಾರೆ? ಇದನ್ನು ತೆಗೆದುಕೊಂಡರೆ ಮುಂದೆ ಯಾವ ಬಾಗಿಲು ಮುಚ್ಚುತ್ತದೆ? ಮೂರನೆಯದನ್ನು ಯಾರೂ ಕೇಳುವುದೇ ಇಲ್ಲ. ಜಾಸ್ತಿ ನಷ್ಟ ಆಗುವುದು ಅಲ್ಲೇ. ಈ ಬರಹದಲ್ಲಿ ಕರ್ನಾಟಕದ ವಿದ್ಯಾರ್ಥಿಗಳಿಗೆ ಸಿಗುವ ದಾರಿಗಳನ್ನು ಈ ಮೂರು ಪ್ರಶ್ನೆಗಳ ಮೂಲಕವೇ ನೋಡಿದ್ದೇನೆ.

ರೈಲ್ವೆಯ ಎರಡು ತರಬೇತಿ, ಎರಡಕ್ಕೂ ಅಜಗಜಾಂತರ

ರೈಲು ಕೌಶಲ ವಿಕಾಸ ಯೋಜನೆ ಎಂದು ಒಂದಿದೆ. 2021ರಲ್ಲಿ ಶುರುವಾದದ್ದು. ಎಸ್ಸೆಸ್ಸೆಲ್ಸಿ ಪಾಸಾದ, 18ರಿಂದ 35 ವರ್ಷದೊಳಗಿನ ಯಾರಾದರೂ ಸೇರಬಹುದು. ಸುಮಾರು ಮೂರು ವಾರ, ಒಟ್ಟು 100 ಗಂಟೆ. ಫಿಟ್ಟರ್, ವೆಲ್ಡರ್, ಎಲೆಕ್ಟ್ರಿಷಿಯನ್, ಮೆಷಿನಿಸ್ಟ್ ಮೊದಲಾದ ಕೆಲಸಗಳ ಪರಿಚಯ ಮಾಡಿಸುತ್ತಾರೆ. ಫೀ ಇಲ್ಲ. ಹಾಗೆಯೇ ಸ್ಟೈಪೆಂಡೂ ಇಲ್ಲ, ಊಟ ವಸತಿಯೂ ಇಲ್ಲ. ಶೇ 75 ಹಾಜರಿ ಬೇಕು. ಬರವಣಿಗೆಯ ಪರೀಕ್ಷೆಯಲ್ಲಿ ಶೇ 55, ಪ್ರಾಯೋಗಿಕದಲ್ಲಿ ಶೇ 60 ಅಂಕ ಬಂದರೆ ಪ್ರಮಾಣಪತ್ರ ಕೊಡುತ್ತಾರೆ. ಈ ಪತ್ರ ಹಿಡಿದು ರೈಲ್ವೆಯಲ್ಲಿ ಕೆಲಸ ಕೇಳಲು ಬರುವುದಿಲ್ಲ. ಪ್ರಕಟಣೆಯಲ್ಲೇ ಹಾಗೆಂದು ಬರೆದಿರುತ್ತದೆ.

ಇನ್ನೊಂದು, ಅಪ್ರೆಂಟಿಸ್ ಕಾಯ್ದೆಯ ಕೆಳಗೆ ರೈಲ್ವೆ ಕಾರ್ಖಾನೆಗಳಲ್ಲಿ ಸಿಗುವ, ಕೆಲಸ ಮಾಡುತ್ತಲೇ ಕಲಿಯುವ ಅಪ್ರೆಂಟಿಸ್‌ಶಿಪ್. 1961ರ ಕಾಯ್ದೆ ಇದು. ನಮ್ಮ ಕಡೆ ಇದನ್ನು ಕರೆಯುವುದು ಹುಬ್ಬಳ್ಳಿಯಲ್ಲಿರುವ ನೈಋತ್ಯ ರೈಲ್ವೆಯ ನೇಮಕಾತಿ ಕೋಶ. ಹುಬ್ಬಳ್ಳಿಯ ಗಾಡಿ ದುರಸ್ತಿ ಕಾರ್ಖಾನೆ, ಮೈಸೂರಿನ ಕೇಂದ್ರ ಕಾರ್ಖಾನೆ, ಹುಬ್ಬಳ್ಳಿ, ಬೆಂಗಳೂರು, ಮೈಸೂರು ವಿಭಾಗಗಳು, ಹೀಗೆ ಸೀಟು ಹಂಚುತ್ತಾರೆ. ಪ್ರವೇಶ ಪರೀಕ್ಷೆ ಇಲ್ಲ. ಎಸ್ಸೆಸ್ಸೆಲ್ಸಿ ಮತ್ತು ಐಟಿಐ ಅಂಕಗಳ ಸರಾಸರಿ ತೆಗೆದು ಪಟ್ಟಿ ಮಾಡುತ್ತಾರೆ. ಎಸ್ಸೆಸ್ಸೆಲ್ಸಿಯಲ್ಲಿ ಶೇ 50 ಇರಬೇಕು, ವಯಸ್ಸು 15ರಿಂದ 24. ಪರಿಶಿಷ್ಟರಿಗೆ 5, ಹಿಂದುಳಿದವರಿಗೆ 3 ವರ್ಷ ಸಡಿಲಿಕೆ ಇದೆ.

ಇಲ್ಲಿ ದುಡ್ಡೂ ಸಿಗುತ್ತದೆ. 2019ರಲ್ಲಿ ತಿದ್ದಿದ ನಿಯಮದ ಪ್ರಕಾರ ಐಟಿಐ ಮುಗಿಸಿದವರಿಗೆ ತಿಂಗಳಿಗೆ ಕನಿಷ್ಠ 7,000 ರೂಪಾಯಿ. 2025ರ ಮೇ ತಿಂಗಳಲ್ಲಿ ಕೇಂದ್ರ ಅಪ್ರೆಂಟಿಸ್‌ಶಿಪ್ ಮಂಡಳಿ ಇದನ್ನು ಶೇ 36ರಷ್ಟು ಏರಿಸಲು ಶಿಫಾರಸು ಮಾಡಿದೆ. ಹಾಗಾಗಿ ನೀವು ಅರ್ಜಿ ಹಾಕುವ ವರ್ಷದ ಪ್ರಕಟಣೆಯಲ್ಲಿ ಇರುವ ಅಂಕಿಯನ್ನೇ ನಂಬಿ. ಆದರೆ ನನ್ನ ಮಟ್ಟಿಗೆ ಇಲ್ಲಿನ ನಿಜವಾದ ಲಾಭ ಆ 7,000 ಅಲ್ಲ. ತರಬೇತಿಯ ಕೊನೆಯ ಪರೀಕ್ಷೆ ಪಾಸಾದವರಿಗೆ ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಪ್ರಮಾಣಪತ್ರ ಸಿಗುತ್ತದೆ. ರೈಲ್ವೆಯ ಒಂದನೇ ಹಂತದ, ಅಂದರೆ ಎಲ್ಲರೂ ಗ್ರೂಪ್ ಡಿ ಎನ್ನುವ, ನೇರ ನೇಮಕಾತಿಯಲ್ಲಿ ಶೇ 20ರಷ್ಟು ಹುದ್ದೆಗಳನ್ನು ಹೀಗೆ ರೈಲ್ವೆಯಲ್ಲೇ ತರಬೇತಿ ಮುಗಿಸಿದವರಿಗೆ ಎತ್ತಿಡುತ್ತಾರೆ. ಕೆಲಸದ ಖಾತ್ರಿಯೇನೂ ಇಲ್ಲ. ತರಬೇತಿ ಕೊಟ್ಟವರು ಕೆಲಸವನ್ನೂ ಕೊಡಲೇಬೇಕು ಎಂದು ಕಾಯ್ದೆ ಹೇಳುವುದಿಲ್ಲ, ಪರೀಕ್ಷೆಯನ್ನೂ ಬರೆಯಲೇಬೇಕು. ಆದರೂ ಲಕ್ಷಾಂತರ ಜನರ ಜೊತೆ ಓಡುವುದಕ್ಕೂ ಐದರಲ್ಲಿ ಒಂದು ಪಾಲು ಬೇರೆಯಾಗಿ ಇಟ್ಟಿರುವ ಸಾಲಲ್ಲಿ ನಿಲ್ಲುವುದಕ್ಕೂ ವ್ಯತ್ಯಾಸ ಇದೆ ಅಲ್ವಾ?

ಮೂರು ವಾರದ ಕೋರ್ಸಿಗೆ ಬೆಲೆಯೇ ಇಲ್ಲವೇ? ಇದೆ. ಐಟಿಐ ಸೇರುವ ಮೊದಲು ಯಾವ ಟ್ರೇಡ್ ತನಗೆ ಒಗ್ಗುತ್ತದೆ ಎಂದು ನೋಡಬೇಕಾದವರಿಗೆ ಅದು ಚೆನ್ನಾಗಿದೆ. ಅದನ್ನೇ ನೌಕರಿಯ ದಾರಿ ಎಂದು ತಿಳಿದು ಸೇರಬೇಡಿ.

ಖಾಸಗಿ ಕಂಪನಿಯಲ್ಲಿ ಅಪ್ರೆಂಟಿಸ್ ಆಗುವವರು ಒಂದು ವಿಷಯ ತಿಳಿದಿರಬೇಕು. ವಾಹನ ಕಂಪನಿ, ಸರ್ವಿಸ್ ಸೆಂಟರ್, ಗೋದಾಮು, ಎಲ್ಲ ಕಡೆಯೂ ಇದೇ ಕಾಯ್ದೆ. ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಉತ್ತೇಜನ ಯೋಜನೆಯಲ್ಲಿ ಸರ್ಕಾರ ಸ್ಟೈಪೆಂಡಿನ ಶೇ 25ರಷ್ಟನ್ನು, ಗರಿಷ್ಠ 1,500 ರೂಪಾಯಿವರೆಗೆ, ನೇರವಾಗಿ ಹುಡುಗನ ಖಾತೆಗೆ ಹಾಕುತ್ತದೆ. ಅಂದರೆ 7,000ದಲ್ಲಿ 5,500 ಕಂಪನಿಯಿಂದ, 1,500 ಸರ್ಕಾರದಿಂದ, ಬೇರೆ ಬೇರೆ ದಿನ. ಇದು ಗೊತ್ತಿಲ್ಲದೆ "ಕಂಪನಿಯವರು 1,500 ಹಿಡಿದುಕೊಂಡರು" ಎಂದು ಜಗಳ ಮಾಡಿ ಬಿಟ್ಟು ಬಂದವರಿದ್ದಾರೆ. ಮೊದಲು ಖಾತೆಗೆ ಆಧಾರ್ ಸರಿಯಾಗಿ ಜೋಡಣೆ ಆಗಿದೆಯೇ ನೋಡಿ, ಆಮೇಲೆ ಕೇಳಿ.

ಸ್ಟೇರಿಂಗ್ ಹಿಡಿಯುವವರಿಗೆ: ವಯಸ್ಸಿನ ಲೆಕ್ಕ

ಈ ಭಾಗವನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಚಾಲಕನಾಗಬೇಕು ಎನ್ನುವ ಹುಡುಗರಿಗೆ ಸರಿಯಾಗಿ ದಾರಿ ತೋರಿಸುವವರು ಕಡಿಮೆ. "ಓದು ತಲೆಗೆ ಹತ್ತಲಿಲ್ಲ, ಡ್ರೈವರ್ ಆಗಲಿ ಬಿಡು" ಎಂದು ಕೈತೊಳೆದುಕೊಳ್ಳುತ್ತಾರೆ. ಐವತ್ತು ಜನರನ್ನು ಕೂರಿಸಿಕೊಂಡು ಚಾರ್ಮಾಡಿ ಘಾಟಿ ಇಳಿಸುವವನ ಕೆಲಸಕ್ಕೆ ತಯಾರಿ ಬೇಡವೇ?

ಮೋಟಾರು ವಾಹನ ಕಾಯ್ದೆಯ ಪ್ರಕಾರ ಕಾರಿನ ಲೈಸೆನ್ಸ್ 18ಕ್ಕೆ ಸಿಗುತ್ತದೆ. ಸಾರಿಗೆ ವಾಹನ ಓಡಿಸಲು 20 ತುಂಬಿರಬೇಕು. ಭಾರಿ ವಾಹನದ ಕಲಿಕಾ ಲೈಸೆನ್ಸ್ ಬೇಕೆಂದರೆ ಹಗುರ ವಾಹನದ ಲೈಸೆನ್ಸ್ ಕನಿಷ್ಠ ಒಂದು ವರ್ಷ ಹಳೆಯದಾಗಿರಬೇಕು. ಎಂಟನೇ ತರಗತಿ ಪಾಸಾಗಿರಬೇಕು ಎಂಬ ನಿಯಮ 2019ರಲ್ಲಿ ಹೋಯಿತು. ಆದರೆ ಸರ್ಕಾರಿ ಬಸ್ಸು ಓಡಿಸಲು ಎಸ್ಸೆಸ್ಸೆಲ್ಸಿ ಬೇಕೇ ಬೇಕು. ಕೆಎಸ್ಆರ್‌ಟಿಸಿಯ ಹಿಂದಿನ ನೇಮಕಾತಿಯಲ್ಲಿ ಚಾಲಕ ಹುದ್ದೆಗೆ ವಯಸ್ಸು ಕನಿಷ್ಠ 24, ಗಂಡಸರಿಗೆ ಎತ್ತರ 163 ಸೆಂಟಿಮೀಟರ್, ಭಾರಿ ವಾಹನದ ಲೈಸೆನ್ಸ್ ಪಡೆದು ಎರಡು ವರ್ಷ, ಜೊತೆಗೆ ಸಾರಿಗೆ ಇಲಾಖೆ ಕೊಡುವ ಚಾಲಕರ ಬ್ಯಾಡ್ಜ್ ಕೇಳಿದ್ದರು.

ಈಗ ಲೆಕ್ಕ ಹಾಕಿ. ಹದಿನಾರಕ್ಕೆ ಎಸ್ಸೆಸ್ಸೆಲ್ಸಿ ಮುಗಿಸಿದ ಹುಡುಗನಿಗೆ ಲಾರಿ ಮುಟ್ಟಲು ನಾಲ್ಕು ವರ್ಷ, ಸರ್ಕಾರಿ ಬಸ್ಸಿಗೆ ಎಂಟು ವರ್ಷ. ಈ ಅವಧಿಯಲ್ಲಿ ಸುಮ್ನೆ ಕ್ಲೀನರ್ ಆಗಿ ಓಡಾಡಿದರೆ ಕೈಗೆ ಯಾವ ಕಾಗದವೂ ಬರುವುದಿಲ್ಲ. ಅದೇ ಕಾಲವನ್ನು ಹೀಗೆ ತುಂಬಬಹುದು. ಹದಿನಾರರಿಂದ ಹದಿನೆಂಟರವರೆಗೆ ಸರ್ಕಾರಿ ಐಟಿಐಯಲ್ಲಿ ಮೋಟಾರು ವಾಹನ ಮೆಕ್ಯಾನಿಕ್, ಎರಡು ವರ್ಷದ ಟ್ರೇಡ್. ಹದಿನೆಂಟಕ್ಕೆ ಕಾರಿನ ಲೈಸೆನ್ಸ್. ಮುಂದಿನ ವರ್ಷ ಯಾವುದಾದರೂ ಸಾರಿಗೆ ನಿಗಮದ ಡಿಪೋದಲ್ಲಿ ಅಪ್ರೆಂಟಿಸ್. ನಮ್ಮಲ್ಲಿ ನಾಲ್ಕು ನಿಗಮಗಳಿವೆ: ಕೆಎಸ್ಆರ್‌ಟಿಸಿ, ಬಿಎಂಟಿಸಿ, ಹುಬ್ಬಳ್ಳಿಯ ವಾಯವ್ಯ ನಿಗಮ, ಕಲಬುರಗಿಯ ಕಲ್ಯಾಣ ಕರ್ನಾಟಕ ನಿಗಮ. ಇಪ್ಪತ್ತು ತುಂಬಿದ ಮೇಲೆ ಭಾರಿ ವಾಹನ ತರಬೇತಿ. ಆಗ ಅವನು ಇಂಜಿನ್ ಬಿಚ್ಚಿ ಜೋಡಿಸಬಲ್ಲ ಚಾಲಕ. ನಿಗಮದಲ್ಲಿ ಚಾಲಕ ಹುದ್ದೆ ಸಿಗದಿದ್ದರೆ ತಾಂತ್ರಿಕ ಸಹಾಯಕ ಹುದ್ದೆಗೂ ಅರ್ಜಿ ಹಾಕಬಹುದು.

ಭಾರಿ ವಾಹನ ತರಬೇತಿಗೆ ಮೂರು ಬಗೆಯ ನೆರವು ಇದೆ. ಪರಿಶಿಷ್ಟ ಜಾತಿ ಮತ್ತು ಪಂಗಡದ ಯುವಕರಿಗೆ ಸರ್ಕಾರದ ದುಡ್ಡಿನಲ್ಲಿ ಸಾರಿಗೆ ನಿಗಮಗಳೇ ಉಚಿತವಾಗಿ ಕಲಿಸುತ್ತವೆ. ಅರ್ಹತೆ ಇದ್ದವರು ಬೇರೇನೂ ಯೋಚಿಸದೆ ಇದನ್ನೇ ಹಿಡಿಯಿರಿ. ಬಸ್ ಓಡಿಸಿ ಅನುಭವ ಇರುವವರು ಕಲಿಸುವುದು ಒಂದು. ಮುಂದೆ ನೇಮಕಾತಿಯಲ್ಲಿ ಚಾಲನಾ ಪರೀಕ್ಷೆಯ ಟ್ರ್ಯಾಕ್ ಮೇಲೆ ಓಡಿಸುವಾಗ ಕೈ ನಡುಗದೆ ಇರುವುದು ಇನ್ನೊಂದು. ಉಳಿದವರಿಗೆ ನಿಗಮಗಳಲ್ಲೇ ಫೀ ಕಟ್ಟಿ ಕಲಿಯುವ ದಾರಿ ಇದೆ. ಮೂರನೆಯದು ರುಡ್‌ಸೆಟ್ ಮಾದರಿಯ ಸಂಸ್ಥೆಗಳು. 1982ರಲ್ಲಿ ಉಜಿರೆಯಲ್ಲಿ ಧರ್ಮಸ್ಥಳ ಮತ್ತು ಎರಡು ಬ್ಯಾಂಕುಗಳು ಸೇರಿ ಶುರು ಮಾಡಿದ ಈ ಮಾದರಿ ಈಗ ದೇಶದ ಜಿಲ್ಲೆ ಜಿಲ್ಲೆಗೂ ಹೋಗಿದೆ. ಊಟ, ವಸತಿ, ಪಾಠ ಎಲ್ಲ ಉಚಿತ. ಇಲ್ಲಿ ಸಿಗುವುದು ಹಗುರ ವಾಹನ ಮಾಲೀಕ ಚಾಲಕರ ತರಬೇತಿ, ದ್ವಿಚಕ್ರ ವಾಹನ ದುರಸ್ತಿ, ಇಂಥವು, ಸುಮಾರು 30 ದಿನ. ಭಾರಿ ವಾಹನ ಬೇಕಾದವರಿಗೆ ಇದು ಪೂರ್ತಿ ಉತ್ತರ ಅಲ್ಲ. ಸ್ವಂತ ಗೂಡ್ಸ್ ಗಾಡಿ, ಟ್ಯಾಕ್ಸಿ ಇಡಬೇಕು ಎನ್ನುವವರಿಗೆ ಮಾತ್ರ ಬಹಳ ಒಳ್ಳೆಯದು, ಯಾಕೆಂದರೆ ಅಲ್ಲಿ ಲೆಕ್ಕ ಇಡುವುದನ್ನೂ ಬ್ಯಾಂಕ್ ಸಾಲ ಕೇಳುವುದನ್ನೂ ಹೇಳಿಕೊಡುತ್ತಾರೆ.

ಇನ್ನೊಂದು ಮಾತು. 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ, ಹಗುರ ವಾಹನದ ಲೈಸೆನ್ಸ್ ಇದ್ದವರು 7,500 ಕಿಲೋ ಒಳಗಿನ ಸಾರಿಗೆ ವಾಹನವನ್ನೂ ಓಡಿಸಬಹುದು ಎಂದು ಹೇಳಿದೆ. ಸಣ್ಣ ಗೂಡ್ಸ್ ಗಾಡಿ ಓಡಿಸುವುದಷ್ಟೇ ಗುರಿಯಾಗಿದ್ದರೆ ಭಾರಿ ವಾಹನದ ತರಬೇತಿಗೆ ದುಡ್ಡು ಸುರಿಯುವ ಅಗತ್ಯವೇ ಇಲ್ಲ. ಆ ದುಡ್ಡನ್ನು ಗಾಡಿಯ ಮುಂಗಡಕ್ಕೆ ಇಡಿ. ಸ್ವಾವಲಂಬಿ ಸಾರಥಿ ಯೋಜನೆಯಲ್ಲಿ ನಾಲ್ಕು ಚಕ್ರದ ವಾಹನ ಕೊಳ್ಳಲು ಪರಿಶಿಷ್ಟರಿಗೆ ಶೇ 75ರಂತೆ 4 ಲಕ್ಷದವರೆಗೆ, ಹಿಂದುಳಿದವರಿಗೆ ಮತ್ತು ಅಲ್ಪಸಂಖ್ಯಾತರಿಗೆ ಶೇ 50ರಂತೆ 3 ಲಕ್ಷದವರೆಗೆ ಸಹಾಯಧನ ಘೋಷಿಸಿದ್ದರು. ಇದು ಆಯಾ ವರ್ಗದ ಅಭಿವೃದ್ಧಿ ನಿಗಮಗಳ ಮೂಲಕ ಬರುತ್ತದೆ, ತಾಲ್ಲೂಕಿಗೆ ಸಿಗುವ ಗುರಿ ಚಿಕ್ಕದು, ಪೈಪೋಟಿ ದೊಡ್ಡದು. ಲೈಸೆನ್ಸ್ ಮೊದಲೇ ಮಾಡಿಸಿಟ್ಟುಕೊಂಡಿದ್ದರೆ ಅರ್ಜಿ ಕರೆದ ದಿನ ಓಡಾಡುವುದು ತಪ್ಪುತ್ತದೆ.

ಐಟಿಐ ಇಲ್ಲವೇ ಡಿಪ್ಲೊಮಾ

ಡೀಸೆಲ್ ಮೆಕ್ಯಾನಿಕ್ ಒಂದು ವರ್ಷ, ಫಿಟ್ಟರ್ ಎರಡು ವರ್ಷ. "ಒಂದೇ ವರ್ಷದಲ್ಲಿ ಮುಗಿಯುತ್ತದೆ" ಎಂದು ಬಹಳ ಜನ ಮೊದಲನೆಯದನ್ನು ಆರಿಸುತ್ತಾರೆ. ದುಡಿಮೆ ತಕ್ಷಣ ಬೇಕಿದ್ದರೆ ಅದೂ ಸರಿಯೇ. ಆದರೆ ಎರಡು ವರ್ಷದ ಐಟಿಐ ಮುಗಿಸಿದವರಿಗೆ ಡಿಪ್ಲೊಮಾದ ಎರಡನೇ ವರ್ಷಕ್ಕೆ ನೇರ ಪ್ರವೇಶ ಇದೆ. ಒಂದು ವರ್ಷ ಉಳಿಸಲು ಹೋಗಿ ಆ ಬಾಗಿಲು ಮುಚ್ಚಿಕೊಳ್ಳಬೇಡಿ. ರಾಜ್ಯದ 150 ಸರ್ಕಾರಿ ಐಟಿಐಗಳನ್ನು ಟಾಟಾ ಟೆಕ್ನಾಲಜೀಸ್ ಜೊತೆ ಸೇರಿ ಹೊಸದಾಗಿ ಸಜ್ಜು ಮಾಡಿದ್ದಾರೆ. ವಿದ್ಯುತ್ ವಾಹನ ಮೆಕ್ಯಾನಿಕ್ ಕೋರ್ಸ್ ಅಲ್ಲಿ ಇದೆ. ನಿಮ್ಮ ತಾಲ್ಲೂಕಿನ ಐಟಿಐ ಆ ಪಟ್ಟಿಯಲ್ಲಿದ್ದರೆ ಹೋಗಿ ಯಂತ್ರಗಳನ್ನು ಕಣ್ಣಾರೆ ನೋಡಿ ಬನ್ನಿ.

ಲೋಕೊ ಪೈಲಟ್, ಅಂದರೆ ರೈಲು ಚಾಲಕ, ಆಗುವ ಆಸೆ ಇರುವವರಿಗೆ ಈ ಎರಡೂ ದಾರಿ ತೆರೆದಿದೆ. ಸಹಾಯಕ ಲೋಕೊ ಪೈಲಟ್ ಹುದ್ದೆಗೆ ಫಿಟ್ಟರ್, ಎಲೆಕ್ಟ್ರಿಷಿಯನ್, ಡೀಸೆಲ್ ಮೆಕ್ಯಾನಿಕ್, ಮೋಟಾರು ವಾಹನ ಮೆಕ್ಯಾನಿಕ್ ಮೊದಲಾದ ಐಟಿಐ ಟ್ರೇಡ್‌ಗಳೂ ಆಗುತ್ತವೆ, ಮೆಕ್ಯಾನಿಕಲ್, ಎಲೆಕ್ಟ್ರಿಕಲ್, ಎಲೆಕ್ಟ್ರಾನಿಕ್ಸ್, ಆಟೊಮೊಬೈಲ್ ಡಿಪ್ಲೊಮಾ ಕೂಡ ಆಗುತ್ತದೆ. ಏಷ್ಯಾದ ಮೊದಲ ಮಹಿಳಾ ಲೋಕೊ ಪೈಲಟ್ ಎನಿಸಿಕೊಂಡ ಸತಾರಾ ಜಿಲ್ಲೆಯ ಸುರೇಖಾ ಯಾದವ್ ಓದಿದ್ದು ಎಲೆಕ್ಟ್ರಿಕಲ್ ಡಿಪ್ಲೊಮಾವನ್ನೇ. ಆದರೆ ಈ ಹುದ್ದೆಗೆ ಕನ್ನಡಕ ಇಲ್ಲದೆ 6/6 ದೃಷ್ಟಿ ಬೇಕು, ಬಣ್ಣಗಳನ್ನು ಸರಿಯಾಗಿ ಗುರುತಿಸಬೇಕು. ಲೇಸರ್ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರನ್ನು ತೆಗೆದುಕೊಳ್ಳುವುದಿಲ್ಲ. ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ಕಣ್ಣು ತೋರಿಸಿ ಬರಲು ಅರ್ಧ ದಿನ ಸಾಕು. ಕೋರ್ಸಿಗೆ ಸೇರುವ ಮೊದಲೇ ಇದು ಆಗಬೇಕು.

ಈಗ ದುಡ್ಡಿನ ಹೋಲಿಕೆ. ಪರಿಶಿಷ್ಟ ಜಾತಿಯ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನದಲ್ಲಿ ಕುಟುಂಬದ ವರಮಾನ 2.5 ಲಕ್ಷದೊಳಗೆ ಇರಬೇಕು. ಐಟಿಐ ಮತ್ತು ಡಿಪ್ಲೊಮಾ ಎರಡೂ ನಾಲ್ಕನೇ ಗುಂಪಿನಲ್ಲಿ ಬರುತ್ತವೆ: ಹಾಸ್ಟೆಲಿನಲ್ಲಿ ಇರುವವರಿಗೆ ವರ್ಷಕ್ಕೆ 4,000, ಮನೆಯಿಂದ ಹೋಗುವವರಿಗೆ 2,500, ಮೇಲೆ ಕಡ್ಡಾಯ ಫೀ. ಅದೇ ಡಿಪ್ಲೊಮಾ ಓದುವ ಹುಡುಗಿಗೆ ತಾಂತ್ರಿಕ ಶಿಕ್ಷಣದ ಕೇಂದ್ರ ಮಂಡಳಿ ಎಐಸಿಟಿಇಯ ಪ್ರಗತಿ ವಿದ್ಯಾರ್ಥಿವೇತನ ವರ್ಷಕ್ಕೆ 50,000. ಜಾತಿಯ ಕಟ್ಟು ಇಲ್ಲ, ವರಮಾನ 8 ಲಕ್ಷದವರೆಗೆ ಇರಬಹುದು, ಒಂದು ಮನೆಯ ಇಬ್ಬರು ಹೆಣ್ಣುಮಕ್ಕಳವರೆಗೆ. ಅಂಗವಿಕಲ ವಿದ್ಯಾರ್ಥಿಗಳಿಗೆ ಸಕ್ಷಮ್ ಹೆಸರಲ್ಲಿ ಅಷ್ಟೇ ಮೊತ್ತ. ಎರಡನೇ ವರ್ಷಕ್ಕೆ ನೇರ ಪ್ರವೇಶ ಪಡೆದವರಿಗೂ ಪ್ರಗತಿ ಅನ್ವಯಿಸುತ್ತದೆ.

ಆದರೆ ಎರಡನ್ನೂ ಒಟ್ಟಿಗೆ ಪಡೆಯಲು ಬರುವುದಿಲ್ಲ. ಒಂದು ಸರ್ಕಾರಿ ವಿದ್ಯಾರ್ಥಿವೇತನ ತೆಗೆದುಕೊಂಡವರು ಇನ್ನೊಂದನ್ನು ಬಿಡಬೇಕು. ಸರ್ಕಾರಿ ಪಾಲಿಟೆಕ್ನಿಕ್ ಆದರೆ ಫೀ ಕಡಿಮೆ, ಅಲ್ಲಿ ಹುಡುಗಿಯರಿಗೆ ಪ್ರಗತಿಯೇ ಮೇಲು. ಖಾಸಗಿ ಕಾಲೇಜಿನಲ್ಲಿ ಫೀ ದೊಡ್ಡದಾಗಿ, ಅದು ಪೂರ್ತಿ ಮರುಪಾವತಿ ಆಗುವಂತಿದ್ದರೆ ಲೆಕ್ಕ ತಿರುಗಬಹುದು. ಕಾಲೇಜಿನ ಕಚೇರಿಯಲ್ಲಿ ಮರುಪಾವತಿ ಆಗುವ ಫೀ ಎಷ್ಟು ಎಂದು ಬರೆಸಿಕೊಂಡು ಬಂದು ಕೂಡಿ ನೋಡಿ. ಹಿಂದುಳಿದ ವರ್ಗದವರು, ಹಾಸ್ಟೆಲ್ ಸೀಟು ಸಿಗದಿದ್ದರೆ, ವಿದ್ಯಾಸಿರಿ ಮರೆಯಬಾರದು: ತಿಂಗಳಿಗೆ 1,500ರಂತೆ ಹತ್ತು ತಿಂಗಳು. ಆದರೂ ಎರಡರಲ್ಲಿ ಆರಿಸಬೇಕೆಂದರೆ ನಾನು ಹಾಸ್ಟೆಲ್ ಸೀಟನ್ನೇ ಹಿಡಿಯಲು ಹೇಳುತ್ತೇನೆ. ಯಾವ ಪೇಟೆಯಲ್ಲಿ 1,500ಕ್ಕೆ ರೂಮೂ ಎರಡು ಹೊತ್ತಿನ ಊಟವೂ ಸಿಗುತ್ತದೆ ಹೇಳಿ.

ಡಿಪ್ಲೊಮಾ ಮುಗಿದ ಮೇಲೆ ಒಂದು ವರ್ಷದ ಅಪ್ರೆಂಟಿಸ್‌ಶಿಪ್ ತೆಗೆದುಕೊಂಡರೆ 2019ರ ನಿಯಮದಂತೆ ತಿಂಗಳಿಗೆ ಕನಿಷ್ಠ 8,000, ಪದವೀಧರರಿಗೆ 9,000. ಇಲ್ಲಿ ಬಾಗಿಲು ಮುಚ್ಚುವ ಎರಡು ಸಂಗತಿ ಇವೆ. ಯುವನಿಧಿಯಲ್ಲಿ ಡಿಪ್ಲೊಮಾದವರಿಗೆ 1,500 ಬರುತ್ತದೆ, ಅಪ್ರೆಂಟಿಸ್ ಆದ ಕೂಡಲೇ ಅದು ನಿಲ್ಲಬೇಕು. 1,500ಕ್ಕಾಗಿ 8,000ದ ತರಬೇತಿ ಬಿಡುವುದು ಯಾವ ಲೆಕ್ಕಕ್ಕೂ ಕೂಡುವುದಿಲ್ಲ. ಇನ್ನೊಂದು, 2024ರಲ್ಲಿ ಶುರುವಾದ ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆ. ದೊಡ್ಡ ಕಂಪನಿಗಳಲ್ಲಿ ಒಂದು ವರ್ಷ. ಶುರುವಾದಾಗ ತಿಂಗಳಿಗೆ 5,000, ಜೊತೆಗೆ ಒಂದು ಸಲ 6,000 ಎಂದಿತ್ತು. ಅಪ್ರೆಂಟಿಸ್‌ಶಿಪ್ ಮುಗಿಸಿದವರಿಗೆ ಈ ಯೋಜನೆಯಲ್ಲಿ ಜಾಗ ಇಲ್ಲ. ಎರಡರಲ್ಲಿ ಒಂದನ್ನೇ ಆರಿಸಬೇಕಾದರೆ, ಸಾರಿಗೆ ಕ್ಷೇತ್ರದ ಮಟ್ಟಿಗೆ ನನ್ನ ಮತ ಅಪ್ರೆಂಟಿಸ್‌ಶಿಪ್ ಕಡೆಗೆ. ಅದರ ಪ್ರಮಾಣಪತ್ರವನ್ನು ನೇಮಕಾತಿ ಪ್ರಕಟಣೆಗಳಲ್ಲಿ ಹೆಸರು ಹಿಡಿದು ಕೇಳುತ್ತಾರೆ.

ಬಿಡದಿಯ ಒಂದು ದಾರಿ

ಎಸ್ಸೆಸ್ಸೆಲ್ಸಿ ಮುಗಿಸಿದ ಹಳ್ಳಿ ಮಕ್ಕಳಿಗೆ ಬಿಡದಿಯ ಟೊಯೋಟಾ ತಾಂತ್ರಿಕ ತರಬೇತಿ ಸಂಸ್ಥೆಯನ್ನು ಬೇರೆಯಾಗಿಯೇ ಹೇಳಬೇಕು. 2007ರಲ್ಲಿ ಶುರುವಾಯಿತು. ಕರ್ನಾಟಕದ ಗ್ರಾಮೀಣ, ಬಡ ಕುಟುಂಬದ ಮಕ್ಕಳಿಗಾಗಿ ಮೂರು ವರ್ಷದ ವಸತಿ ಕೋರ್ಸ್. ವೆಲ್ಡಿಂಗ್, ಪೇಂಟಿಂಗ್, ಜೋಡಣೆ, ಮೆಕಟ್ರಾನಿಕ್ಸ್ ವಿಭಾಗಗಳಿವೆ, ಈಗ ಹೆಣ್ಣುಮಕ್ಕಳಿಗೂ ಪ್ರವೇಶ ಇದೆ. ಇದು ವಾಹನ ತಯಾರಿಕೆಯ ಕಡೆಗೆ ಒಯ್ಯುವ ದಾರಿ, ವಾಹನ ಓಡಿಸುವುದಕ್ಕಲ್ಲ. ಊಟ, ವಸತಿ, ಶಿಸ್ತು, ಕಾರ್ಖಾನೆಯ ನೆಲದ ಮೇಲಿನ ಅಭ್ಯಾಸ, ಎಲ್ಲ ಸೇರಿಸಿ ನೋಡಿದರೆ ಯಾವ ನಗದು ವಿದ್ಯಾರ್ಥಿವೇತನವೂ ಇದಕ್ಕೆ ಸಮ ಆಗುವುದಿಲ್ಲ. ಆಯ್ಕೆ ಕಠಿಣ. ಆದ್ದರಿಂದ ಇಲ್ಲಿಗೆ ಅರ್ಜಿ ಹಾಕಿ, ಐಟಿಐ ಪ್ರವೇಶವನ್ನೂ ಕೈಬಿಡದೆ ಇಟ್ಟುಕೊಳ್ಳಿ.

ಹಡಗು ಮತ್ತು ವಿಮಾನ: ಇಲ್ಲಿ ಸಾಲವೇ ದೊಡ್ಡ ಪಾಲು

ಮೇಲಿನ ದಾರಿಗಳಲ್ಲಿ ಕಲಿಯುವವರ ಕೈಗೆ ದುಡ್ಡು ಬರುತ್ತದೆ. ಇಲ್ಲಿ ಕೈಯಿಂದ ಹೋಗುತ್ತದೆ.

ಹಡಗಿನ ಜಿಪಿ ರೇಟಿಂಗ್, ಅಂದರೆ ಅಧಿಕಾರಿಯಲ್ಲದ ಸಾಮಾನ್ಯ ನಾವಿಕರ, ಕೋರ್ಸ್ ಆರು ತಿಂಗಳು. ವಯಸ್ಸು ಹದಿನೇಳೂವರೆಯಿಂದ 25. ಎಸ್ಸೆಸ್ಸೆಲ್ಸಿಯಲ್ಲಿ ಒಟ್ಟಾರೆಯಾಗಿ ಮತ್ತು ಇಂಗ್ಲಿಷಿನಲ್ಲಿ ಶೇ 40 ಇದ್ದರೆ ಸಾಕು. ಕರಾವಳಿಯ ಹುಡುಗರು ಇದಕ್ಕೆ ಬಹಳ ಜನ ಹೋಗುತ್ತಾರೆ, ಮೋಸ ಹೋಗುವವರೂ ಕಡಿಮೆ ಇಲ್ಲ. ಪಿಯುಸಿಯಲ್ಲಿ ವಿಜ್ಞಾನ ಓದಿ ಪಿಸಿಎಂನಲ್ಲಿ ಶೇ 60 ಇರುವವರು ಭಾರತೀಯ ಕಡಲ ವಿಶ್ವವಿದ್ಯಾಲಯದ ಪ್ರವೇಶ ಪರೀಕ್ಷೆ ಬರೆದು ಒಂದು ವರ್ಷದ ನಾಟಿಕಲ್ ಸೈನ್ಸ್ (ಹಡಗು ನಡೆಸುವ ವಿದ್ಯೆ) ಡಿಪ್ಲೊಮಾಗೆ ಹೋಗಬಹುದು. ಅದರ ಮೇಲೆ ಹಡಗಿನಲ್ಲಿ 18 ತಿಂಗಳ ತರಬೇತಿ, ಆಮೇಲೆ ಅಧಿಕಾರಿಯ ದಾರಿ. ಖರ್ಚು ಎಷ್ಟೇ ಆಗಲಿ, ಎರಡನೆಯದಕ್ಕೆ ಅರ್ಹತೆ ಇದ್ದವರು ಮೊದಲನೆಯದಕ್ಕೆ ಇಳಿಯಬಾರದು. ರೇಟಿಂಗ್‌ನಿಂದ ಅಧಿಕಾರಿಯಾಗುವುದು ಬಲು ದೂರದ ಪಯಣ.

ಈ ಕ್ಷೇತ್ರದಲ್ಲಿ ನಿಜವಾದ ನೆರವೆಂದರೆ ಹಡಗು ಕಂಪನಿಯ ಪ್ರಾಯೋಜಕತ್ವ. ಕಂಪನಿ ತಾನೇ ಪರೀಕ್ಷೆ ನಡೆಸಿ, ಓದು ಮುಗಿದ ಮೇಲೆ ಹಡಗಿಗೆ ಹತ್ತಿಸುತ್ತೇನೆ ಎಂದು ಪತ್ರ ಕೊಡುತ್ತದೆ. ಫೀ ನೀವೇ ಕಟ್ಟಬೇಕಾಗಿ ಬಂದರೂ ಆ ಪತ್ರ ಇದ್ದರೆ ಮಾತ್ರ ಸಾಲ ಮಾಡುವುದಕ್ಕೆ ಅರ್ಥ ಇದೆ. ಕೋರ್ಸ್ ಮುಗಿಸಿ ಹಡಗು ಸಿಗದೆ ಕೂತವನ ಬಡ್ಡಿ ನಿಲ್ಲುವುದಿಲ್ಲ. ಸಂಸ್ಥೆ ನೌಕಾಯಾನ ಮಹಾನಿರ್ದೇಶನಾಲಯದ ಪಟ್ಟಿಯಲ್ಲಿದೆಯೇ, ಕೆಲಸ ಕೊಡಿಸುವ ಏಜೆಂಟರಿಗೆ ನಾವಿಕರ ನೇಮಕಾತಿಯ ಆರ್‌ಪಿಎಸ್‌ಎಲ್ ಪರವಾನಗಿ ಇದೆಯೇ ಎಂದು ನಿರ್ದೇಶನಾಲಯದ ಜಾಲತಾಣದಲ್ಲೇ ನೋಡಬಹುದು. ಪರವಾನಗಿ ಇರುವವರು ಹಡಗಿಗೆ ಹತ್ತಿಸಲು ನಾವಿಕರಿಂದ ದುಡ್ಡು ಪಡೆಯುವಂತಿಲ್ಲ. "ಎರಡು ಲಕ್ಷ ಕೊಡಿ, ಮುಂದಿನ ತಿಂಗಳು ದುಬೈನಲ್ಲಿ ಹಡಗು" ಎಂದವರ ಹತ್ತಿರ ಎರಡನೇ ಮಾತಿಗೆ ನಿಲ್ಲಬೇಡಿ.

ಪೈಲಟ್ ತರಬೇತಿಗೆ ಜಕ್ಕೂರಿನ ಸರ್ಕಾರಿ ವೈಮಾನಿಕ ತರಬೇತಿ ಶಾಲೆ ನಮ್ಮಲ್ಲೇ ಇದೆ. ಉತ್ತರ ಪ್ರದೇಶದ ಫುರ್ಸತ್‌ಗಂಜ್‌ನಲ್ಲಿ ಕೇಂದ್ರದ ಅಕಾಡೆಮಿ ಇದೆ. ವಾಣಿಜ್ಯ ಪೈಲಟ್ ಲೈಸೆನ್ಸಿಗೆ 200 ಗಂಟೆ ಹಾರಾಟ ಬೇಕು. ಒಟ್ಟು ಖರ್ಚು ಈಗ 40 ಲಕ್ಷ ದಾಟುವುದು ಸಾಮಾನ್ಯ. ಪರಿಶಿಷ್ಟ ಜಾತಿಯ ಮೆಟ್ರಿಕ್ ನಂತರದ ಯೋಜನೆಯಲ್ಲಿ ಈ ಕೋರ್ಸ್ ಮೊದಲ ಗುಂಪಿನಲ್ಲಿದೆ. ಹಾಸ್ಟೆಲಿನವರಿಗೆ ವರ್ಷಕ್ಕೆ 13,500, ಉಳಿದವರಿಗೆ 7,000 ಭತ್ಯೆ. ಖರ್ಚಿನ ಎದುರು ಈ ಅಂಕಿ ಎಷ್ಟು ಚಿಕ್ಕದು ನೋಡಿ. ಹಾಗಾಗಿ ಇಲ್ಲಿ ಕೇಳಬೇಕಾದ್ದು ಭತ್ಯೆ ಎಷ್ಟು ಎಂದಲ್ಲ. ನನ್ನ ಸಂಸ್ಥೆಯ ಫೀಯಲ್ಲಿ ಎಷ್ಟು ಪಾಲು ಮಂಜೂರಾಗುತ್ತದೆ ಎಂದು ಇಲಾಖೆಯಿಂದ ಬರವಣಿಗೆಯಲ್ಲಿ ಪಡೆಯಬೇಕು. ಬ್ಯಾಂಕುಗಳ ಮಾದರಿ ಶಿಕ್ಷಣ ಸಾಲದಲ್ಲಿ ಸರ್ಕಾರದ ಮಾನ್ಯತೆ ಇರುವ ಪೈಲಟ್ ಮತ್ತು ಹಡಗು ಕೋರ್ಸುಗಳು ಸೇರುತ್ತವೆ. ಆದರೆ 7.5 ಲಕ್ಷ ದಾಟಿದರೆ ಸಾಮಾನ್ಯವಾಗಿ ಆಸ್ತಿ ಅಡ ಕೇಳುತ್ತಾರೆ. ಮನೆ, ಹೊಲ ಇಡುವ ಮೊದಲು ವೈದ್ಯಕೀಯ ಪರೀಕ್ಷೆ ಆಗಲಿ. ಎರಡನೇ ದರ್ಜೆಯದು ಮೊದಲು, ಒಂದನೇ ದರ್ಜೆಯದು ಆಮೇಲೆ. ಅದರಲ್ಲಿ ಪಾಸಾಗದೆ ಒಂದು ಕಂತೂ ಕಟ್ಟಬೇಡಿ.

ಪದವಿ ಓದುತ್ತಲೇ ಸ್ಟೈಪೆಂಡ್

ವಾಣಿಜ್ಯ ಓದಿದವರಿಗೆ ಲಾಜಿಸ್ಟಿಕ್ಸ್, ಅಂದರೆ ಸರಕು ಸಾಗಣೆ ಮತ್ತು ಗೋದಾಮಿನ ನಿರ್ವಹಣೆ, ಇದೆ. ಅಪ್ರೆಂಟಿಸ್‌ಶಿಪ್ ಸೇರಿಕೊಂಡಿರುವ ಪದವಿಗಳು ಈಗ ಬಂದಿವೆ, ರಾಜ್ಯದ ಕೆಲವು ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲೂ ಇವೆ. ಓದಿನ ಒಂದು ಭಾಗ ಕಂಪನಿಯಲ್ಲೇ ಕಳೆಯುತ್ತದೆ, ಆ ತಿಂಗಳುಗಳಿಗೆ ಸ್ಟೈಪೆಂಡ್ ಬರುತ್ತದೆ. ಸೇರುವ ಮೊದಲು ಹಿಂದಿನ ತಂಡವನ್ನು ಯಾವ ಊರಿನ ಗೋದಾಮಿಗೆ ಕಳಿಸಿದರು, ರೂಮ್ ಬಾಡಿಗೆ ಕಳೆದು ಕೈಯಲ್ಲಿ ಎಷ್ಟು ಉಳಿಯಿತು ಎಂದು ಆ ತಂಡದವರನ್ನೇ ಕೇಳಿ. ಇನ್ನು ಜೆಇಇ ಮೇನ್ ಬರೆಯುವವರಿಗೆ ವಡೋದರಾದ ಗತಿಶಕ್ತಿ ವಿಶ್ವವಿದ್ಯಾಲಯ ಒಂದು ಆಯ್ಕೆ. ರೈಲ್ವೆ ಸಚಿವಾಲಯದ ಕೆಳಗಿರುವ ಇದು ಸಾರಿಗೆಗೆಂದೇ ಇರುವ ಕೇಂದ್ರೀಯ ವಿಶ್ವವಿದ್ಯಾಲಯ.

ಚಾಲಕರ ಮನೆಯ ಮಕ್ಕಳಿಗೆ

ಅಪ್ಪ ಲಾರಿ ಓಡಿಸುವವರಾಗಿದ್ದರೆ ಇನ್ನೂ ಎರಡು ಕಡೆ ನೋಡಿ. ಮಹೀಂದ್ರಾದವರು 2014ರಿಂದ ಸಾರಥಿ ಅಭಿಯಾನದಲ್ಲಿ ಟ್ರಕ್ ಚಾಲಕರ ಹೆಣ್ಣುಮಕ್ಕಳಿಗೆ ಹತ್ತನೇ ತರಗತಿಯ ನಂತರದ ಓದಿಗೆ 10,000 ರೂಪಾಯಿ ಕೊಡುತ್ತಿದ್ದಾರೆ. ಅವರದೇ ಬಳಗದ ಕೆ.ಸಿ. ಮಹೀಂದ್ರಾ ಪ್ರತಿಭಾ ವಿದ್ಯಾರ್ಥಿವೇತನ ಡಿಪ್ಲೊಮಾ ಓದುವವರಿಗೆ, ವರ್ಷಕ್ಕೆ 10,000ದಂತೆ ಮೂರು ವರ್ಷ. ಖಾಸಗಿ ವಾಹನಗಳ ಚಾಲಕರು, ನಿರ್ವಾಹಕರು, ಕ್ಲೀನರ್‌ಗಳು, ಮೆಕ್ಯಾನಿಕ್‌ಗಳಿಗೆ ರಾಜ್ಯದಲ್ಲಿ ಈಗ ಬೇರೆಯೇ ಕಲ್ಯಾಣ ಮಂಡಳಿ ಇದೆ. ಅಪ್ಪ ಅದರಲ್ಲಿ ನೋಂದಾಯಿಸಿಕೊಂಡಿಲ್ಲದಿದ್ದರೆ ಈ ವಾರವೇ ಮಾಡಿಸಿ. ಅಪಘಾತ ಆದ ಮೇಲೆ ನೋಂದಣಿಗೆ ಹೋದರೆ ಪ್ರಯೋಜನ ಇಲ್ಲ.

ಮಂಜೂರಾದರೂ ಬಾರದ ದುಡ್ಡು

ಕೊನೆಗೆ ಕಾಗದದ ವಿಚಾರ. ರಾಜ್ಯದ ವಿದ್ಯಾರ್ಥಿವೇತನಗಳಿಗೆ ಎಸ್‌ಎಸ್‌ಪಿ ಪೋರ್ಟಲ್, ಕೇಂದ್ರದವುಗಳಿಗೆ ಎನ್‌ಎಸ್‌ಪಿ. ಎರಡಕ್ಕೂ ಜಾತಿ, ಆದಾಯ ಪ್ರಮಾಣಪತ್ರ ಬೇಕು. ನಾಡಕಚೇರಿಯ ಪತ್ರದ ಮೇಲಿರುವ ಆರ್.ಡಿ. ಸಂಖ್ಯೆಯನ್ನು ಎಸ್‌ಎಸ್‌ಪಿಯಲ್ಲಿ ಹಾಕಿದಾಗ ಹೆಸರು ತಾನಾಗಿ ಬರುತ್ತದೆ. ಅದು ಆಧಾರ್ ಮತ್ತು ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಹೆಸರಿಗೆ ಹೊಂದದಿದ್ದರೆ ಅರ್ಜಿ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಒಂದರಲ್ಲಿ "ಮಂಜುನಾಥ ಬಿ", ಇನ್ನೊಂದರಲ್ಲಿ "ಬಿ ಮಂಜುನಾಥ್" ಇದ್ದರೂ ತೊಂದರೆ. ಅಂಕಪಟ್ಟಿಯ ಹೆಸರನ್ನು ಬದಲಿಸುವುದು ಕಷ್ಟ, ಆಧಾರ್ ತಿದ್ದುವುದು ಸುಲಭ. ಆದ್ದರಿಂದ ಆಧಾರನ್ನೇ ಅಂಕಪಟ್ಟಿಗೆ ಹೊಂದಿಸಿ.

ಬ್ಯಾಂಕ್ ಖಾತೆಗೆ ಆಧಾರ್ ಕೊಟ್ಟಿದ್ದೇನೆ ಎಂದು ಬಹಳ ಜನ ನೆಮ್ಮದಿಯಾಗಿರುತ್ತಾರೆ. ಅಷ್ಟು ಸಾಲದು. ನೇರ ನಗದು ಬರಬೇಕಾದರೆ ಆ ಖಾತೆ ರಾಷ್ಟ್ರೀಯ ಪಾವತಿ ನಿಗಮದ, ಅಂದರೆ ಎನ್‌ಪಿಸಿಐ ಮ್ಯಾಪಿಂಗ್‌ನಲ್ಲಿ ಇರಬೇಕು. ಒಂದು ಆಧಾರಿಗೆ ಒಂದೇ ಖಾತೆ ಹೀಗೆ ಜೋಡಣೆಯಾಗುತ್ತದೆ. ಕಾಲೇಜು ಸೇರುವಾಗ ಹೊಸ ಬ್ಯಾಂಕಿನಲ್ಲಿ ಖಾತೆ ತೆರೆದರೆ ಜೋಡಣೆ ಅಲ್ಲಿಗೆ ಹೋಗಿರಬಹುದು, ದುಡ್ಡೂ ಅಲ್ಲೇ ಬಿದ್ದಿರಬಹುದು. ಆಧಾರ್ ಜಾಲತಾಣದಲ್ಲಿ ಬ್ಯಾಂಕ್ ಜೋಡಣೆಯ ಸ್ಥಿತಿ ನೋಡಿದರೆ ಯಾವ ಬ್ಯಾಂಕ್ ಎಂದು ತಕ್ಷಣ ತಿಳಿಯುತ್ತದೆ. ಬೇರೆ ಬ್ಯಾಂಕ್ ತೋರಿಸಿದರೆ, ನಿಮಗೆ ಬೇಕಾದ ಶಾಖೆಗೆ ಹೋಗಿ "ಎನ್‌ಪಿಸಿಐ ಸೀಡಿಂಗ್ ಮಾಡಿಕೊಡಿ" ಎಂದು ಅದೇ ಮಾತಿನಲ್ಲಿ ಕೇಳಿ, ಅರ್ಜಿಯ ಸ್ವೀಕೃತಿ ತೆಗೆದುಕೊಳ್ಳಿ. ಕೆಲವು ದಿನ ಬಿಟ್ಟು ಮತ್ತೆ ನೋಡಿ, ಜೋಡಣೆ ಬದಲಾಗಿದ್ದರೆ ಮಾತ್ರ ವಿದ್ಯಾರ್ಥಿವೇತನದ ಅರ್ಜಿಗೆ ಕೈ ಹಾಕಿ.